ಕಾಣದ ಕಣ್ಣಿಗೆ ಕಂಡವರು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರು ಕಣ್ಣುಳ್ಳವರಿಗೆ ಹೇಳಿದ ಬುದ್ಧಿಮಾತು. ಕಣ್ಣು ಮಸುಳಿಸಿ, ಎದುರಿಗೆ ಕುಳಿತ ಮಗನ ಮುಖವೇ ಕಾಣದಂತಾದ ಮುದುಕರೊಬ್ಬರಿಗೆ, ಅಲ್ಲಿ ಇಲ್ಲದ ಮನುಷ್ಯನೊಬ್ಬ ಮಾತ್ರ ಅಂಗಿಯ ಗುಂಡಿಯ ಸಮೇತ ಸ್ಪಷ್ಟವಾಗಿ ಕಾಣತೊಡಗಿದರೆ ಅವರು ಪ್ರಮಾಣಿಸಿ ನೋಡುವುದು ಹೇಗೆ? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದದ್ದಲ್ಲ. ಸಿರುಗುಪ್ಪದಲ್ಲಿದ್ದ ನನ್ನ ದೊಡ್ಡಪ್ಪನವರಿಂದ ಬಂದದ್ದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಕಣ್ಣು, ಮಿದುಳುಗಳ ವಿಚಾರವಾಗಿ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಾನು ಹೇಳಬೇಕಾದ ಸಂಗತಿಯಲ್ಲಿ ಅರ್ಧ ವೈದ್ಯಕ್ಕೆ ಸೇರಿದ್ದಾದರೆ ಇನ್ನರ್ಧ ಮಾತಿಗೆ ಸೇರಿದ್ದು. ಆ ಅರ್ಧದ ಧೈರ್ಯದಿಂದ ಬರೆಯುತ್ತಿದ್ದೇನೆ.

ದೊಡ್ಡಪ್ಪ ಸಿರುಗುಪ್ಪ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ನನಗೆ ಅಕ್ಷರ ತಿದ್ದಿಸಿದವರು ಅವರೇ. ತುಂಗಭದ್ರೆಯ ನೀರು ಹರಿಯುವ ಭತ್ತದ ಗದ್ದೆಗಳ ಬದುವಿನ ಮೇಲೆ ನನ್ನನ್ನು ನಡೆಸಿಕೊಂಡು ಹೋಗುತ್ತ ಕಾಗುಣಿತ ಒಪ್ಪಿಸಿಕೊಳ್ಳುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ಅಲ್ಲಿಯೇ ನಿಂತುಬಿಡುತ್ತಿದ್ದರು. ಸರಿಯಾಗಿ ಹೇಳುವ ತನಕ ಮುಂದಕ್ಕೆ ಹೆಜ್ಜೆಯಿಲ್ಲ. ಎಪ್ಪತ್ತೈದು ದಾಟಿದ ಮೇಲೆ ಅವರ ಎರಡು ಕಣ್ಣುಗಳಲ್ಲಿಯೂ ನಡುನೋಟ ಕೆಟ್ಟಿತು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಟ್ಟನಡುವೆ ಮ್ಯಾಕುಲ ಎಂಬ ಪುಟ್ಟ ಜಾಗವಿದೆ. ನಾವು ಓದುವುದು, ಮುಖ ಗುರುತಿಸುವುದು ಅದರಿಂದಲೇ. ಮುಪ್ಪಿನಲ್ಲಿ ಅದು ಸವೆಯುವ ರೋಗ ದೊಡ್ಡಪ್ಪನವರದು. ಅಂಚಿನ ನೋಟ ಉಳಿದಿರುವುದರಿಂದ ಇಂಥವರು ಮನೆಯೊಳಗೆ ಗೋಡೆ ಬಾಗಿಲುಗಳನ್ನು ತಾಗದೆ ಓಡಾಡಬಲ್ಲರು. ಆದರೆ ಪತ್ರಿಕೆ ಓದಲಾರರು, ಹೆಂಡತಿಯ ಮುಖ ಕಾಣಲಾರರು. ಓದನ್ನೇ ಉಸಿರಾಗಿ ಮಾಡಿಕೊಂಡಿದ್ದವರಿಗೆ ಇದು ಸಣ್ಣ ಕಷ್ಟವಲ್ಲ.

2017ರ ಮಳೆಗಾಲದಲ್ಲಿ ಒಂದು ಭಾನುವಾರ ಬಳ್ಳಾರಿಯಿಂದ ಅವರನ್ನು ನೋಡಲು ಹೋಗಿದ್ದೆ. ಊಟ ಮುಗಿದು ದೊಡ್ಡಮ್ಮ ಅಡಿಗೆಮನೆಗೆ ಹೋದೊಡನೆ ಅವರು ನನ್ನ ಕೈ ಹಿಡಿದುಕೊಂಡು, ಪಡಸಾಲೆಯ ಬಾಗಿಲನ್ನು ಮುಂದೆ ಮಾಡೆಂದರು.

“ತಮ್ಮಾ, ನೀನು ಕಲಿತಾವ. ಒಂದು ಮಾತು ಕೇಳ್ತೀನಿ, ಖರೇ ಹೇಳು. ನನ್ನ ತಲಿ ಸರಿ ಅದಾವೋ ಇಲ್ಲೋ?”

ಎಂಟು ತಿಂಗಳಿಂದ ಅವರಿಗೆ ಏನೇನೋ ಕಾಣುತ್ತಿತ್ತು. ಮೊದಮೊದಲು ಸುಣ್ಣದ ಗೋಡೆಯ ಮೇಲೆಲ್ಲ ಮೀನಿನ ಬಲೆ ಹರಡಿದಂತೆ ಗೆರೆಗಳು. ಆಮೇಲೆ ಅಂಗಳದ ನಡುವೆ ಒಂದು ಮರ, ಎಲೆ ಎಲೆಯೂ ಎಣಿಸುವಂತೆ. ಆಮೇಲೆ ಜನ. ಬಯಲಾಟದ ವೇಷಧಾರಿಗಳಂತೆ ಕಿರೀಟ, ಭುಜಕೀರ್ತಿ ತೊಟ್ಟವರು ಸಾಲಾಗಿ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಗೇಣುದ್ದದ ಮನುಷ್ಯರು ತೊಲೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ಹೋಗುತ್ತಿದ್ದರು. ಒಬ್ಬರೂ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಹೆಜ್ಜೆಯ ಸಪ್ಪಳವೂ ಇಲ್ಲ. ಸಂಜೆಯ ಮಬ್ಬಿನಲ್ಲಿ ಮಾತ್ರ ಒಂದು ಮುಖ ಬರುತ್ತಿತ್ತು: ಅಗಲವಾದ ಕಣ್ಣು, ಉದ್ದವಾದ ಹಲ್ಲು, ಕೆಳಗೆ ಮೈಯಿಲ್ಲ. ಅದನ್ನು ಹೇಳುವಾಗ ದೊಡ್ಡಪ್ಪನವರ ಕೈ ನನ್ನ ಕೈಯೊಳಗೆ ಬಿಗಿಯಾಯಿತು.

“ನಿನ್ನ ಮುಖ ನನಗ ಕಾಣವಲ್ದು. ಅವರ ಅಂಗಿ ಗುಂಡಿ ಎಣಿಸಬೋದು. ಇದು ಹ್ಯಾಂಗ?” ಎಂದರು.

ಮನೆಯಲ್ಲಿ ಹೇಳಲಿಲ್ಲವೆ ಎಂದು ಕೇಳಿದೆ. ಒಮ್ಮೆ ಹೇಳಿದ್ದರಂತೆ. ಒಬ್ಬರು ಗಾಳಿ ಸೋಕಿದೆ ಎಂದು ರಟ್ಟೆಗೆ ತಾಯಿತ ಕಟ್ಟಿಸಿದರು. ಇನ್ನೊಬ್ಬರು, ಪಿತೃಗಳು ಕರೆಯಲು ಬಂದಿದ್ದಾರೆ, ಇನ್ನು ಹೆಚ್ಚು ದಿನವಿಲ್ಲ ಎಂದು ಮರೆಯಲ್ಲಿ ಕಣ್ಣೊರೆಸಿಕೊಂಡರು. ಮೂರನೆಯವರು ಅರವತ್ತಕ್ಕೆ ಅರಳುಮರುಳೆಂಬ ಗಾದೆಯನ್ನು ಹೇಳಿ ಮುಗಿಸಿದರು. ಪಿತೃಗಳ ಮಾತನ್ನು ದೊಡ್ಡಪ್ಪ ಆಗಲೇ ಯೋಚಿಸಿ ತಳ್ಳಿಹಾಕಿದ್ದರು: “ನಮ್ಮಪ್ಪ ಬಂದಿದ್ರ ನಾನು ಗುರುತು ಹಿಡೀತಿದ್ದಿಲ್ಲೇನು? ಬರೋರೊಳಗ ಒಬ್ಬರೂ ಪರಿಚಯದವರಲ್ಲ.” ಉಳಿದೆರಡು ತೀರ್ಪುಗಳಿಗೆ ಅವರಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಮತ್ತೆ ಬಾಯಿ ತೆರೆಯಲಿಲ್ಲ.

ನಾನೇನು ಹೇಳಿದೆ? “ವಯಸ್ಸಾತು ದೊಡ್ಡಪ್ಪ, ತಲಿಗೆ ಹಚ್ಚಿಕೋಬ್ಯಾಡ್ರಿ” ಎಂದೆ. ಅವರು ಕೈ ಬಿಟ್ಟು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಾನು ಸಂಜೆಯ ಬಸ್ಸು ಹಿಡಿದು ಬಳ್ಳಾರಿಗೆ ಬಂದೆ. ತಪ್ಪು ಕಾಗುಣಿತಕ್ಕೆ ಬದುವಿನ ಮೇಲೆ ನಿಂತು ಕಾಯುತ್ತಿದ್ದವರನ್ನು, ಅವರ ಸರದಿ ಬಂದಾಗ ನಾನು ನಿಂತು ಕೇಳಲಿಲ್ಲ.

ಇಲ್ಲಿ ಮಾತಿನ ವಿಚಾರ ಬರುತ್ತದೆ. ಹಳಗನ್ನಡದ ‘ಮರುಳ್’ ಎಂಬ ಶಬ್ದವನ್ನು ನೋಡಿ. ಅದಕ್ಕೆ ಪಿಶಾಚಿ ಎಂಬ ಅರ್ಥವೂ ಉಂಟು, ಬುದ್ಧಿಗೆಟ್ಟ ಸ್ಥಿತಿ ಎಂಬ ಅರ್ಥವೂ ಉಂಟು. ರನ್ನನ ‘ಗದಾಯುದ್ಧ’ದಲ್ಲಿ ರಣರಂಗದ ಹೆಣಗಳ ನಡುವೆ ನಡೆದು ಬರುವ ದುರ್ಯೋಧನನಿಗೆ ಮರುಳುಗಳು ಎದುರಾಗುವ ಭಾಗವನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ಇಲ್ಲದ್ದನ್ನು ಕಂಡವನ ಮುಂದೆ ನಮ್ಮ ಭಾಷೆ ಎರಡು ಬಾಗಿಲುಗಳನ್ನಷ್ಟೆ ತೆರೆದಿಟ್ಟಿತ್ತು: ಒಂದೋ ಹೊರಗಿನ ಮರುಳು ಬಂದಿದೆ, ಇಲ್ಲವೆ ಒಳಗೆ ಮರುಳು ಹಿಡಿದಿದೆ. ಎರಡಕ್ಕೂ ಒಂದೇ ಹೆಸರು. ದೊಡ್ಡಪ್ಪನಂಥ ಮುದುಕರು ಈ ಎರಡರೊಳಗೆ ಯಾವುದನ್ನು ತಾನೆ ಒಪ್ಪಿಕೊಂಡಾರು? ಬುದ್ಧಿ ನೆಟ್ಟಗಿದೆಯೆಂದು ಅವರಿಗೆ ಗೊತ್ತು. ದೆವ್ವದಲ್ಲಿ ಅವರಿಗೆ ನಂಬಿಕೆಯಿಲ್ಲ. ಮೂರನೆಯ ಮಾತು ಸಿಕ್ಕದೆ ಮೌನಕ್ಕೆ ಶರಣಾದರು.

ಮರುವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ನಾವೆಲ್ಲರೂ ಸೋದರತ್ತೆಯ ಮನೆಯಲ್ಲಿ ಸೇರಿದೆವು. ಗುಡಿಯೊಳಗಿನ ಆ ಭಾರಿ ಕಲ್ಲುಬಸವನನ್ನು ದೊಡ್ಡಪ್ಪ ಅಂಗೈಯಿಂದ ಮುಟ್ಟಿ ಮುಟ್ಟಿ ಕೈಮುಗಿದರು. ಸಂಜೆ ಮನೆಯ ಕಟ್ಟೆಯ ಮೇಲೆ ನೆಂಟರಿಷ್ಟರ ನಡುವೆ ಕುಳಿತಿದ್ದಾಗ, ಯಾರೂ ಇಲ್ಲದ ಕಡೆಗೆ ತಿರುಗಿ “ಬರ್ರಿ, ಕುಂದ್ರಿ” ಎಂದು ಜಾಗ ಬಿಟ್ಟು ಸರಿದುಕೊಂಡರು. ಮಕ್ಕಳು ಕಿಸಕ್ಕನೆ ನಕ್ಕರು. ದೊಡ್ಡವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಮೌನ ಅವರಿಗೆ ಕೇಳಿಸಿತು. ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

“ಇವತ್ತು ಲೆಕ್ಕ ತಪ್ಪಿತು,” ಎಂದರು. “ದಿನಾಲೂ ಹಿಂಗ ಆಗಂಗಿಲ್ಲ. ಸಪ್ಪಳ ಇದ್ದವರು ನಿಮ್ಮವರು, ಸಪ್ಪಳ ಇಲ್ಲದವರು ನನ್ನವರು ಅಂತ ವಿಂಗಡಿಸಿಕೊಂಡೀನಿ. ಜಾತ್ರಿ ಗದ್ದಲದಾಗ ಯಾರ ಸಪ್ಪಳ ಯಾರದು ತಿಳೀಲಿಲ್ಲ.”

ನನಗೆ ಆಗ ಎಚ್ಚರವಾಯಿತು. ಹುಚ್ಚು ಹಿಡಿದವನು ಹೀಗೆ ಸಾಕ್ಷ್ಯ ಕೂಡಿಸಿ ವಿಂಗಡಿಸುತ್ತಾನೆಯೆ? ತನಗೆ ಕಂಡದ್ದನ್ನು ತಾನೇ ಪ್ರಮಾಣಿಸಿ ನೋಡುತ್ತಿದ್ದ ಮನುಷ್ಯನನ್ನು ನಾವು ಅರಳುಮರುಳೆಂದು ಬದಿಗಿರಿಸಿದ್ದೆವು. ಮರುವಾರವೇ ಅವರನ್ನು ಬಳ್ಳಾರಿಗೆ ಕರೆತಂದು ನೇತ್ರವೈದ್ಯರೊಬ್ಬರಲ್ಲಿ ತೋರಿಸಿದೆ. ಆ ವೈದ್ಯರು ಕಣ್ಣನ್ನು ಪರೀಕ್ಷಿಸಿ ಮುಗಿಸಿದ ಮೇಲೆ, ನಾವು ಬಾಯಿ ತೆರೆಯುವ ಮೊದಲೇ, ತಾವಾಗಿ ಕೇಳಿದರು: “ಮೇಷ್ಟ್ರೇ, ಕಣ್ಣು ಹೀಗೆ ಮಂಜಾದವರಲ್ಲಿ ಎಷ್ಟೋ ಜನಕ್ಕೆ ಅಲ್ಲಿ ಇಲ್ಲದ್ದು ಕಾಣ್ತದೆ. ಜನ, ಮಕ್ಕಳು, ಗಿಡ, ಜಾಲರಿ. ನಿಮಗೇನಾದರೂ ಕಾಣ್ತದಾ?” ದೊಡ್ಡಪ್ಪ ಉತ್ತರ ಕೊಡಲಿಲ್ಲ, ಅಳತೊಡಗಿದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇದಕ್ಕೆ ವೈದ್ಯರು ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಬಾನೆ ಎಂಬಾತ 1720ರಿಂದ 1793ರವರೆಗೆ ಬದುಕಿದ್ದ ಜಿನೀವದ ಪ್ರಕೃತಿ ವಿಜ್ಞಾನಿ. ಗಂಡಿನ ಸಂಗವಿಲ್ಲದೆ ಸಸ್ಯಹೇನುಗಳು ಮರಿ ಹಾಕುವುದನ್ನು ಕಂಡುಹಿಡಿದವನು. ಅವನ ಅಜ್ಜ ಚಾರ್ಲ್ಸ್ ಲುಲ್ಲಾಂ ನ್ಯಾಯಾಧಿಕಾರಿಯಾಗಿದ್ದು ವೃದ್ಧನಾದವನು. ಪೊರೆಯ ಚಿಕಿತ್ಸೆಯಾಗಿದ್ದರೂ ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಆ ಅಜ್ಜನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಅವನಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಸಾರೋಟುಗಳು, ಕಟ್ಟಡಗಳು ಕಾಣತೊಡಗಿದವು. ಅಜ್ಜ ಹೆದರಲಿಲ್ಲ, ತನ್ನ ಮುಂದೆ ಯಾರೋ ಪುಕ್ಕಟೆ ನಾಟಕ ಆಡಿಸುತ್ತಿರುವಂತೆ ನೋಡಿ ಸಂತೋಷಪಟ್ಟ. ಮೊಮ್ಮಗನೂ ನಗಲಿಲ್ಲ, ಕುಳಿತು ಕೇಳಿದ. 1760ರಲ್ಲಿ ಪ್ರಕಟವಾದ, ಮನಸ್ಸಿನ ಶಕ್ತಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆ ಸಂಗತಿಯನ್ನು ಸೇರಿಸಿದ. ಅಜ್ಜನ ಬುದ್ಧಿ, ನೆನಪುಗಳು ನೆಟ್ಟಗಿದ್ದವೆಂದೂ, ಈ ದೃಶ್ಯಗಳ ಮೂಲ ಮಿದುಳಿನ ದೃಷ್ಟಿಭಾಗದಲ್ಲಿರಬೇಕೆಂದೂ ಅವನ ಊಹೆ. ಮುಂದೆ ಬಾನೆಯ ಕಣ್ಣುಗಳೂ ಕೆಟ್ಟವು. 1936ರಲ್ಲಿ ಜಿನೀವದವನೇ ಆದ ನರವೈದ್ಯ ಜಾರ್ಜ್ ದ ಮಾರ್ಸಿಯೇ ಈ ಅವಸ್ಥೆಗೆ ಅವನ ಹೆಸರಿಟ್ಟ.

ಹಾಗಾದರೆ ಇದು ಆಗುವುದೇತಕ್ಕೆ? ನಾವು ಕಣ್ಣಿನಿಂದ ನೋಡುತ್ತೇವೆಂದು ತಿಳಿದಿದ್ದೇವೆ. ಕಣ್ಣು ಕಳುಹಿಸುವುದು ಬರಿಯ ಸುದ್ದಿ. ಆ ಸುದ್ದಿಯನ್ನು ನೋಟವಾಗಿ ಕಟ್ಟುವುದು ಮಿದುಳು. ಅಕ್ಷಿಪಟಲದಿಂದ ಹೊರಟ ಸಂಕೇತಗಳು ದೃಷ್ಟಿನರದ ಮೂಲಕ ಸಾಗಿ ತಲೆಯ ಹಿಂಬದಿಯ ಮಿದುಳಿನ ಭಾಗವನ್ನು ಮುಟ್ಟುತ್ತವೆ. ಅಲ್ಲಿಂದ ಮುಂದೆ ಕೆಲಸ ಹಂಚಿಹೋಗುತ್ತದೆ. ಗೆರೆ, ಅಂಚುಗಳಿಗೆ ಒಂದು ಜಾಗ, ಬಣ್ಣಕ್ಕೆ ಇನ್ನೊಂದು, ಚಲನೆಗೆ ಬೇರೊಂದು, ಮುಖಗಳನ್ನು ಗುರುತಿಸಲೆಂದೇ ಮಿದುಳಿನ ತಳದಲ್ಲಿ ಮತ್ತೊಂದು.

ಉಪಾಧ್ಯಾಯರು ಬಾರದ ತರಗತಿಯನ್ನು ಬಲ್ಲವರಿಗೆ ಮುಂದಿನದನ್ನು ತಿಳಿಸುವುದು ಕಷ್ಟವಲ್ಲ. ಪಾಠವಿಲ್ಲವೆಂದು ಹುಡುಗರು ಮೌನವಾಗಿ ಕೂರುವರೆ? ಗಳಿಗೆಯೊಳಗೆ ತಮ್ಮ ತಮ್ಮಲ್ಲೇ ಮಾತು ಹುಟ್ಟಿ ಗದ್ದಲವಾಗುತ್ತದೆ. ಕಣ್ಣಿನಿಂದ ಸುದ್ದಿ ಬಾರದೆ ಹೋದಾಗ ದೃಷ್ಟಿಭಾಗದ ನರಕೋಶಗಳೂ ಹಾಗೆಯೇ. ಬೇಡಿಕೆಯಿಲ್ಲದೆ ಸುಮ್ಮನಿರುವ ಬದಲು ಅವು ಇನ್ನಷ್ಟು ಕೆರಳುತ್ತವೆ. ತಮ್ಮಷ್ಟಕ್ಕೆ ತಾವೇ ಕೆಲಸ ಆರಂಭಿಸುತ್ತವೆ. ಗೆರೆಗಳ ಜಾಗ ಕೆರಳಿದರೆ ಬಲೆ, ಜಾಲರಿ, ಇಟ್ಟಿಗೆಯ ಸಾಲು. ಮುಖಗಳ ಜಾಗ ಕೆರಳಿದರೆ ಮುಖ, ಅದೂ ಕಣ್ಣು ಹಲ್ಲುಗಳು ಹಿಗ್ಗಿದ ಮುಖ. ಕಿವಿಗೆ ಸಂಬಂಧಿಸಿದ ಭಾಗ ಕೆರಳಿರುವುದಿಲ್ಲ; ಆದ್ದರಿಂದ ಸಪ್ಪಳವಿಲ್ಲ. ದೊಡ್ಡಪ್ಪ ಕಂಡುಕೊಂಡಿದ್ದ ಸೂತ್ರಕ್ಕೆ ಶಾಸ್ತ್ರದ ಆಧಾರ ಇದೇ. ವೇಷಭೂಷಣ, ತಲೆಯುಡುಗೆ ತೊಟ್ಟ ಪುಟ್ಟ ಮನುಷ್ಯರು ಜಗತ್ತಿನ ನಾನಾ ಕಡೆಯ ರೋಗಿಗಳ ಹೇಳಿಕೆಗಳಲ್ಲಿ ಬರುತ್ತಾರೆ. ಆ ವೇಷಕ್ಕೆ ನಮ್ಮ ದೊಡ್ಡಪ್ಪ ಬಯಲಾಟದ ಹೋಲಿಕೆ ಕೊಟ್ಟರು, ಅಷ್ಟೆ.

ಇದು ಊಹೆಯಾಗಿ ಉಳಿದಿಲ್ಲ. 1998ರಲ್ಲಿ ಲಂಡನ್ನಿನ ಡಾಮಿನಿಕ್ ಫಿಚ್ ಮತ್ತು ಸಂಗಡಿಗರು ಇಂಥ ರೋಗಿಗಳ ಮಿದುಳನ್ನು, ದೃಶ್ಯ ಕಾಣುತ್ತಿರುವ ಹೊತ್ತಿನಲ್ಲಿಯೇ, ಸ್ಕ್ಯಾನ್ ಯಂತ್ರದಿಂದ ಪರೀಕ್ಷಿಸಿದರು. ಬಣ್ಣ ಕಂಡಾಗ ಬಣ್ಣದ ಜಾಗ ಚುರುಕಾಗಿತ್ತು. ಮುಖ ಕಂಡಾಗ ಮುಖದ ಜಾಗ. ಕಲ್ಪಿಸಿಕೊಳ್ಳುವುದಕ್ಕಿಂತ ನಿಜವಾಗಿ ನೋಡುವುದಕ್ಕೆ ಅದು ಹತ್ತಿರವಾಗಿತ್ತು. 2018ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಕುಲ ಸವೆದ ರೋಗಿಗಳನ್ನು ಪರೀಕ್ಷಿಸಿ, ಅವರಲ್ಲಿ ಇಂಥ ದೃಶ್ಯ ಕಾಣುವವರ ದೃಷ್ಟಿಭಾಗವು ಉಳಿದವರದಕ್ಕಿಂತ ಹೆಚ್ಚು ಕೆರಳುವ ಸ್ವಭಾವದ್ದೆಂದು ತೋರಿಸಿದರು. ಆದ್ದರಿಂದ “ಸುಮ್ಮನೆ ಅನಿಸ್ತದ” ಎಂದು ನಾವು ಮುದುಕರಿಗೆ ಹೇಳುವುದು ಸರಿಯಲ್ಲ. ಅವರು ಕಾಣುತ್ತಿರುವುದು ನಿಜ. ಕಂಡ ವಸ್ತು ಇಲ್ಲದಿರುವುದೂ ನಿಜ.

ಕೈ ಕಾಲು ಕತ್ತರಿಸಲ್ಪಟ್ಟವರಿಗೆ ಇಲ್ಲದ ಬೆರಳು ನೋಯುವುದನ್ನು, ಕಿವಿ ಮಂದವಾದ ಕೆಲವರಿಗೆ ಯಾರೂ ಹಾಡದ ಹಾಡು ಕೇಳುವುದನ್ನು ವೈದ್ಯರು ಬಲ್ಲರು. ಅವೂ ಇದರ ದಾಯಾದಿಗಳೇ. ಸುದ್ದಿ ನಿಂತ ಕಡೆ ಮಿದುಳು ತಾನೇ ಸುದ್ದಿ ಹುಟ್ಟಿಸುತ್ತದೆ.

ಕಣ್ಣಿಗೆ ರೋಗವೇ ಬೇಕೆಂದೇನೂ ಇಲ್ಲ, ಬೆಳಕು ತಪ್ಪಿದರೆ ಸಾಕು. ಅಮೆರಿಕದ ಬಾಸ್ಟನ್ನಿನಲ್ಲಿ ಲಾಟ್‌ಫಿ ಮೆರಾಬೆಟ್ ಮತ್ತು ಸಂಗಡಿಗರು ಆರೋಗ್ಯವಂತರಾದ 13 ಮಂದಿಯ ಕಣ್ಣುಗಳನ್ನು ಐದು ದಿನ ಬಟ್ಟೆಯಿಂದ ಮುಚ್ಚಿಟ್ಟರು. 10 ಮಂದಿಗೆ ದೃಶ್ಯಗಳು ಕಂಡವು. ಇದು ಪ್ರಕಟವಾದದ್ದು 2004ರಲ್ಲಿ. ಇದನ್ನು ಓದಿದ ದಿನ ನನ್ನ ಮನಸ್ಸು ನೇರವಾಗಿ ಹಸ್ತಿನಾವತಿಗೆ ಹೋಯಿತು. ಧೃತರಾಷ್ಟ್ರ ಹುಟ್ಟುಗುರುಡ. ಎಂದೂ ನೋಡದವರಿಗೆ ಸಾಮಾನ್ಯವಾಗಿ ಇಂಥ ದೃಶ್ಯಗಳು ಕಾಣುವುದಿಲ್ಲ; ಕಟ್ಟಲು ಬೇಕಾದ ಸಾಮಗ್ರಿಯೇ ಮಿದುಳಿನಲ್ಲಿರುವುದಿಲ್ಲ. ಆದರೆ ಗಾಂಧಾರಿ? ಆಕೆ ಜಗತ್ತನ್ನು ಕಂಡು ಬೆಳೆದವಳು. ಮದುವೆಯ ಹೊತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು, ಐದು ದಿನಗಳ ಮಟ್ಟಿಗಲ್ಲ, ಬಾಳಿನುದ್ದಕ್ಕೂ. ಆ ಬಟ್ಟೆಯ ಹಿಂದೆ ಆಕೆಗೆ ಏನೇನು ಕಂಡಿತೋ, ಯಾರ ಬಳಿ ಹೇಳಿಕೊಂಡಳೋ ಎಂದು ನಮ್ಮ ಕವಿಗಳು ಕೇಳಿದ್ದನ್ನು ನಾನು ಓದಿಲ್ಲ. ಯುದ್ಧ ಮುಗಿದ ಮೇಲೆ ಆಕೆ ದಿವ್ಯದೃಷ್ಟಿಯಿಂದ ದೂರದ ರಣಭೂಮಿಯನ್ನು ಕಂಡಳೆಂದು ವ್ಯಾಸಭಾರತದ ಸ್ತ್ರೀಪರ್ವ ಹೇಳುತ್ತದೆ. ಪುರಾಣವನ್ನು ವೈದ್ಯಶಾಸ್ತ್ರಕ್ಕೆ ಒಗ್ಗಿಸುವ ಚಪಲ ನನಗಿಲ್ಲ. ಕಣ್ಣು ಮುಚ್ಚಿದವರ ಒಳಗೆ ನೋಟ ಸತ್ತಿರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಲು ಆಕೆಯ ಹೆಸರು ಸಹಾಯಕವಾಗುತ್ತದೆ, ಅಷ್ಟೆ.

ಇದು ಅಪೂರ್ವವಾದ ರೋಗವೂ ಅಲ್ಲ. ನೆದರ್ಲೆಂಡ್ಸಿನ ವೈದ್ಯರು ದೃಷ್ಟಿ ಕುಂದಿದ 505 ಜನರನ್ನು ವಿಚಾರಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಮಂದಿಗೆ ಈ ಅನುಭವವಿತ್ತು. ಅವರಲ್ಲಿ ಹೆಚ್ಚಿನವರು ಅದನ್ನು ವೈದ್ಯರಿಗೆ ತಿಳಿಸಿಯೇ ಇರಲಿಲ್ಲ. ಹುಚ್ಚರೆಂದಾರೆಂಬ ಭಯ ಸಿರುಗುಪ್ಪದ ಸೊತ್ತೇನೂ ಅಲ್ಲವೆಂದಾಯಿತು. ಇಂಗ್ಲೆಂಡಿನಲ್ಲಿ ಜೂಡಿತ್ ಪಾಟ್ಸ್ ಎಂಬ ಮಹಿಳೆ, ಇದೇ ಕಷ್ಟ ಅನುಭವಿಸಿದ ತನ್ನ ತಾಯಿ ಎಸ್ಮೆಯ ನೆನಪಿಗಾಗಿ, 2015ರಲ್ಲಿ ‘ಎಸ್ಮೆಯ ಕೊಡೆ’ ಎಂಬರ್ಥದ ಹೆಸರಿನ ಸಂಸ್ಥೆಯೊಂದನ್ನು ಕಟ್ಟಿದರು. ಜನರಿಗೆ ಇದರ ತಿಳಿವಳಿಕೆ ಕೊಡುವುದೇ ಅದರ ಕೆಲಸ.

ನಮ್ಮ ನಾಡಿನಲ್ಲಿ ಇದಕ್ಕೆ ಎಡೆ ಇನ್ನೂ ಹೆಚ್ಚು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡಿಗೆ ಕಾರಣಗಳಲ್ಲಿ ಕಣ್ಣಿನ ಪೊರೆಯದೇ ಶೇಕಡ 66.2ರಷ್ಟು ಪಾಲು. ಪೊರೆಯಿಂದ ಮಂಜಾದ ಕಣ್ಣಿಗೂ ಇಲ್ಲದ ಜನ ಕಾಣಬಹುದು. ಸಂತೋಷದ ಸಂಗತಿಯೆಂದರೆ, ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಿದಾಗ ಎಷ್ಟೋ ಸಲ ಆ ಜನ ತಾವಾಗಿಯೇ ಹೊರಟುಹೋಗುತ್ತಾರೆ. ತಾಯಿತಕ್ಕೆ ಕೊಡುವ ಹಣದಲ್ಲಿ ಬಸ್ಸು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋಗಿಬರಬಹುದು.

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ಭಾರತದಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಾಚೆಗೆ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಂದ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಜಿಲ್ಲೆಯಲ್ಲಿಯೇ. 1980ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಆ ಕೆಲಸಕ್ಕೆ ದೇಶದಲ್ಲೆಲ್ಲ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಅಂಥ ಜಿಲ್ಲೆಯ ಮೇಷ್ಟ್ರ ಮನೆಯಲ್ಲಿ, ಎಂ.ಎ. ಓದಿದ ಮಗನೊಬ್ಬನಿದ್ದೂ, ಮುದುಕರೊಬ್ಬರು ವರ್ಷಕ್ಕೂ ಮಿಕ್ಕಿ ಬಾಯಿ ಕಟ್ಟಿಕೊಂಡು ಕುಳಿತಿದ್ದರು. ವೈದ್ಯರು ಹಳ್ಳಿಯ ತನಕ ಬಂದಿದ್ದರು. ಹೊಸ್ತಿಲ ಒಳಗಿನ ಪ್ರಶ್ನೆಯನ್ನು ನಾವೇ ಕೇಳಬೇಕಾಗಿತ್ತು.

ನೇತ್ರವೈದ್ಯರು ಅಂದು ಹೇಳಿದ ಎಚ್ಚರಿಕೆಗಳನ್ನು ವಾಚಕರಿಗೆ ಒಪ್ಪಿಸಬೇಕಾದದ್ದು ನನ್ನ ಕರ್ತವ್ಯ. ಕಂಡದ್ದೆಲ್ಲ ಇದೇ ಆಗಿರಬೇಕೆಂದಿಲ್ಲ. ದೃಶ್ಯದ ಜೊತೆಗೆ ಮಾತುಗಳೂ ಕೇಳಿಸಿದರೆ, ಎಷ್ಟು ತಿಳಿಸಿದರೂ ಕಂಡದ್ದು ನಿಜವೆಂದೇ ನಂಬಿದರೆ, ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮರೆವು ಹೆಚ್ಚುವುದು ಇದ್ದರೆ, ಜ್ವರದಲ್ಲಿ ಅಥವಾ ಹೊಸ ಔಷಧಿ ಆರಂಭಿಸಿದ ಮೇಲೆ ಹಠಾತ್ತನೆ ಕಾಣಿಸಿಕೊಂಡರೆ, ಕಾರಣ ಬೇರೆ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಣ್ಣಿನ ಕಾರಣದ್ದೇ ಆದರೆ ಅದನ್ನು ಗ್ಯಾರಂಟಿಯಾಗಿ ನಿಲ್ಲಿಸುವ ಮದ್ದು ಇಲ್ಲ. ದೃಶ್ಯ ಬಂದಾಗ ದೀಪ ಹಾಕುವುದು, ಮಂದ ಬೆಳಕಿನಿಂದ ಎದ್ದು ಬೇರೆಡೆಗೆ ಹೋಗುವುದು, ತಲೆ ಅಲುಗಿಸದೆ ಕಣ್ಣುಗಳನ್ನು ಮಾತ್ರ ಎಡಕ್ಕೂ ಬಲಕ್ಕೂ ಕೆಲವು ಸಲ ಹೊರಳಿಸುವುದು, ಕಂಡದ್ದರ ಕಡೆಗೆ ಕೈಚಾಚುವುದು ಹಲವರಿಗೆ ಉಪಯೋಗಕ್ಕೆ ಬಂದಿವೆ. ಒಂಟಿತನವೂ ಸುಮ್ಮನೆ ಕುಳಿತಿರುವುದೂ ಇದನ್ನು ಬೆಳೆಸುತ್ತವೆ. ಎಷ್ಟೋ ಜನರಲ್ಲಿ ಒಂದೂವರೆ ವರ್ಷದೊಳಗೆ ಕಡಿಮೆಯಾಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು.

ದೊಡ್ಡಪ್ಪನವರಿಗೆ ಪೂರ್ತಿ ನಿಲ್ಲಲಿಲ್ಲ. ಸಂಜೆಯ ಆ ಹಲ್ಲಿನ ಮುಖಕ್ಕೆ, ಅದು ಮಿದುಳಿನ ಕೆಲಸವೆಂದು ತಿಳಿದ ಮೇಲೆಯೂ, ಅವರು ಬೆಚ್ಚುತ್ತಿದ್ದರು. ದೊಡ್ಡಮ್ಮ ಮಾತ್ರ ಒಂದು ಕೆಲಸ ಮಾಡಿದರು: ಹೊತ್ತು ಮುಳುಗುವ ಮೊದಲೇ ಪಡಸಾಲೆಯ ದೀಪ ಹಚ್ಚತೊಡಗಿದರು. ರಟ್ಟೆಯ ತಾಯಿತವನ್ನು ದೊಡ್ಡಪ್ಪ ಬಿಚ್ಚಲಿಲ್ಲ; ಕಟ್ಟಿಸಿದವರ ಮನಸ್ಸು ನೊಂದೀತೆಂದು ಹಾಗೆಯೇ ಬಿಟ್ಟರು. ಆದರೆ ಮಾತು ಬಿಚ್ಚಿತು. ‘ನಮ್ಮ ಮೂಕಮಂದಿ’ ಎಂದು ಬಂದವರಿಗೆ ಹೆಸರಿಟ್ಟರು. ಮೊಮ್ಮಕ್ಕಳು ಬೆಳಗಾದರೆ, “ತಾತಾ, ನಿನ್ನೆ ಯಾರ್ಯಾರು ಬಂದಿದ್ರು?” ಎಂದು ಕೇಳುವರು; ಅವರು ಕಿರೀಟದ ಬಣ್ಣ, ಅಂಗಿಯ ಗುಂಡಿಗಳ ಲೆಕ್ಕ ಒಪ್ಪಿಸುವರು. ಓದು ತಪ್ಪಿದ ಮೇಲೆ ಆ ಮನೆಯಲ್ಲಿ ಅವರ ಧ್ವನಿ ಅಷ್ಟು ಹೊತ್ತು ಕೇಳಿದ್ದು ಆಗಲೇ ಎಂದು ದೊಡ್ಡಮ್ಮ ಹೇಳುತ್ತಾರೆ. 2021ರಲ್ಲಿ ದೊಡ್ಡಪ್ಪ ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಹಿಂದಿನಿಂದ ಮೂಕಮಂದಿ ಬರುವುದು ತೀರ ವಿರಳವಾಗಿತ್ತು.

ಈ ಪುಟವನ್ನು ಓದುವವರಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೆಚ್ಚು. ನಿಮ್ಮ ಮನೆಯಲ್ಲಿಯೂ ಕಣ್ಣು ಮಂದವಾದ ಅಜ್ಜ, ಅಜ್ಜಿ ಇರಬಹುದು. ಅವರಿಗೆ ಹೇಗಿದ್ದೀರಿ, ಊಟವಾಯಿತೆ ಎಂದು ಕೇಳಿದ ಮೇಲೆ, ಆ ವೈದ್ಯರು ಕೇಳಿದಂತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಎಷ್ಟೋ ಜನಕ್ಕೆ ಹೀಗಾಗುತ್ತದೆ ಎಂದು ಮೊದಲು ಹೇಳಿ, ಆಮೇಲೆ ಕೇಳಿ. ಆ ಮೊದಲ ಮಾತಿಲ್ಲದೆ ಅವರು ಬಾಯಿ ಬಿಡಲಾರರು. ಇಲ್ಲವೆಂದರೆ ಸಂತೋಷ. ಹೌದೆಂದರೆ, ಸಂಜೆಯ ಬಸ್ಸನ್ನು ತಪ್ಪಿಸಿಕೊಂಡರೂ ಚಿಂತೆಯಿಲ್ಲ, ಅವರ ಬಳಿ ಕುಳಿತು ಪೂರ್ತಿ ಕೇಳಿ.